ಭತ್ತದ ಸೀಮೆಯನ್ನು ಹೊತ್ತ ಲಾರಿಗಳು

ಸ್ವಾತಂತ್ರ್ಯಕ್ಕೆ ಮೊದಲು ಹೊಸಪೇಟೆಯಿಂದ ಗದಗಿಗೆ ಹೊರಟ ಮಾಲು ನೂರು ಕಿಲೋಮೀಟರೂ ಇಲ್ಲದ ದಾರಿಯಲ್ಲಿ ಮೂರು ಸರ್ಕಾರಗಳನ್ನು ಹಾಯಬೇಕಿತ್ತು. ಹೊಸಪೇಟೆ ಮದ್ರಾಸ್ ಪ್ರಾಂತ್ಯ. ತುಂಗಭದ್ರೆಯ ಈಚೆ ದಂಡೆಗೆ ಬಂದರೆ ಹೈದರಾಬಾದ್ ನಿಜಾಮನ ರಾಜ್ಯ, ಅದರೊಳಗೆ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು. ಇನ್ನೂ ಪಶ್ಚಿಮಕ್ಕೆ ಸಾಗಿ ಗದಗಿನ ಸೀಮೆ ಹೊಕ್ಕರೆ ಮುಂಬೈ ಪ್ರಾಂತ್ಯ. ಮೂರೂ ಕಡೆ ಆಡುವ ಮಾತು ಕನ್ನಡವೇ, ಸಂತೆ ಜಾತ್ರೆಗಳೂ ಒಂದೇ, ಕೊಟ್ಟು ತಂದ ಬೀಗರೂ ಗಡಿಯ ಎರಡೂ ಕಡೆಗಿದ್ದರು. ಆದರೆ ಹತ್ತಿಯ ಅಂಡಿಗೆಯೋ ಶೇಂಗಾದ ಚೀಲವೋ ಗಡಿ ದಾಟಬೇಕೆಂದರೆ ನಿಜಾಮನ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಬೇಕು. ದುಡ್ಡೂ ಎರಡು ಬಗೆ. ಈ ಕಡೆ ನಿಜಾಮನ ಹಾಲಿ ಸಿಕ್ಕಾ, ಆ ಕಡೆ ಬ್ರಿಟಿಷರ ಕಲ್ದಾರ್. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಲೆಕ್ಕ ವ್ಯಾಪಾರಸ್ಥರಿಗೂ ಗಾಡಿ ಹೊಡೆಯುವವರಿಗೂ ಬಾಯಿಪಾಠವಾಗಿತ್ತು.

ಗಂಗಾವತಿ, ಮರಳಿ, ಕಾರಟಗಿ ಕಡೆಯ ಲಾರಿಗಳ ಕಥೆಯನ್ನು ಈ ಗಡಿಗಳಿಂದಲೇ ಶುರು ಮಾಡಬೇಕೆಂದು ನನಗೆ ಅನಿಸುತ್ತದೆ. ನಮ್ಮ ಸೀಮೆಯ ಚರಿತ್ರೆ ಬರೆದವರು ವಿಜಯನಗರವನ್ನು ಬರೆದರು, ವಿಮೋಚನಾ ಹೋರಾಟವನ್ನು ಬರೆದರು, ಅಣೆಕಟ್ಟನ್ನೂ ಬರೆದರು. ಅಣೆಕಟ್ಟಿನ ನೀರಿನಲ್ಲಿ ಬೆಳೆದ ಭತ್ತ ಊರು ಬಿಟ್ಟು ಹೋದದ್ದು ಹೇಗೆ ಎಂಬುದನ್ನು ಯಾರೂ ಅಷ್ಟಾಗಿ ಬರೆಯಲಿಲ್ಲ. ಅದನ್ನು ಹೊತ್ತುಕೊಂಡು ಹೋದದ್ದು ಲಾರಿ. ಲಾರಿಯ ಹಿಂದೆ ಒಂದೊಂದು ಮನೆತನ ಇತ್ತು.

ಬ್ರಿಟಿಷರ ಕಾಲದ ಮೀಟರ್‌ಗೇಜ್ ರೈಲು ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಹಿಡಿದು ಹುಬ್ಬಳ್ಳಿಗೆ ಹೋಗುತ್ತಿತ್ತು. ಆ ಹಳಿಯ ಪಕ್ಕದ ಊರುಗಳ ಹತ್ತಿಗೆ ದಾರಿ ಸಿಕ್ಕಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹಳಿಯಿಂದ ದೂರ ಉಳಿದವು. ನಿಜಾಮನ ಸರ್ಕಾರ 1932ರಲ್ಲಿ ರೈಲ್ವೆ ಇಲಾಖೆಯ ಅಡಿಯಲ್ಲೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತಾದರೂ ಅದು ಜನರನ್ನು ಒಯ್ಯುವ ವ್ಯವಸ್ಥೆ. ಮಾಲಿಗೆ ಎತ್ತಿನ ಬಂಡಿಯೇ ಗತಿ.

ಎರಡನೆಯ ಮಹಾಯುದ್ಧ ಬಂದಾಗ ಪೆಟ್ರೋಲಿಗೆ ರೇಷನ್ ಆಯಿತು. ಕರ್ನಾಟಕದ ಎಲ್ಲ ಕಡೆ ಇದ್ದಿಲು ಸುಟ್ಟು ಬರುವ ಗ್ಯಾಸಿನಿಂದ ವಾಹನ ಓಡಿಸಿದ ಕಾಲ ಅದು. ಗಾಡಿಯ ಮಗ್ಗುಲಿಗೆ ಕಬ್ಬಿಣದ ಒಲೆಯಂಥ ಡಬ್ಬಿ, ಹೊರಡುವ ಮೊದಲು ಕ್ಲೀನರ್ ಅದರ ಗಾಳಿಯಂತ್ರ ತಿರುಗಿಸುತ್ತಾ ನಿಲ್ಲಬೇಕು, ಏರು ಬಂದರೆ ಜನ ಇಳಿದು ನಡೆಯಬೇಕು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಫೋರ್ಡ್, ಷೆವರ್ಲೆ, ಡಾಡ್ಜ್, ಸ್ಟುಡಿಬೇಕರ್‌ಗಳು ಹರಾಜಿಗೆ ಬಂದವು. ‘ಡಿಸ್ಪೋಸಲ್ ಗಾಡಿ’ ಎಂದು ಜನ ಕರೆದದ್ದು ಇವನ್ನೇ. ಯುದ್ಧಕ್ಕೆಂದು ಕಡಲು ದಾಟಿ ಬಂದ ಗಾಡಿಗಳು ನಮ್ಮ ಹಳ್ಳಿಗಳ ಶೇಂಗಾ, ಜೋಳ ಹೊತ್ತವು.

ನಿಜಾಮ ಭಾರತಕ್ಕೆ ಸೇರಲು ಒಪ್ಪದ 1947-48ರಲ್ಲಿ ಈ ಗಡಿ ಬರೀ ಸುಂಕದ ಗಡಿಯಾಗಿ ಉಳಿಯಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯ ಸಂಸಾರಗಳು ಮುಂಬೈ ಪ್ರಾಂತ್ಯದ ಕಡೆ ಹೋದವು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. ಆ ಹೋರಾಟದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರನ್ನು ಈ ಭಾಗದ ಹಿರಿಯರು ಇವತ್ತಿಗೂ ಗೌರವದಿಂದ ನೆನೆಯುತ್ತಾರೆ. ಹೈದರಾಬಾದಿನೊಳಗೆ ಹೋಗುವ ಸರಕನ್ನು ಭಾರತ ಸರ್ಕಾರ ತಡೆದಾಗ ಪೆಟ್ರೋಲಿನಿಂದ ಉಪ್ಪಿನವರೆಗೆ ಎಲ್ಲಕ್ಕೂ ಬರ ಬಂತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ನಾಕಾ ಕೂಡಲೇ ಹೋಗಲಿಲ್ಲ. ಹೈದರಾಬಾದಿನ ಒಳಸುಂಕ ಪೂರ್ತಿ ರದ್ದಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. 1956ರ ನವೆಂಬರ್ 1ಕ್ಕೆ ಹೊಸಪೇಟೆ, ಕೊಪ್ಪಳ, ಗದಗ ಮೂರೂ ಒಂದೇ ರಾಜ್ಯದೊಳಗಾದವು. ಏಕೀಕರಣವನ್ನು ನಾವು ಸಾಹಿತಿಗಳ, ರಾಜಕಾರಣಿಗಳ ಗೆಲುವೆಂದು ಓದಿದ್ದೇವೆ, ಅದು ನಿಜವೂ ಹೌದು. ಲಾರಿಯವರ ಪಾಲಿಗೆ ಅದರ ಅರ್ಥ ಇನ್ನೂ ನೇರವಾಗಿತ್ತು: ಒಂದೇ ಪರ್ಮಿಟ್ಟಿನಲ್ಲಿ ತುಂಗಭದ್ರೆಯಿಂದ ಹುಬ್ಬಳ್ಳಿಯವರೆಗೆ ಹೋಗಬಹುದು.

ಅಷ್ಟರಲ್ಲಿ ನೀರು ಬಂದಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಕಾಲುವೆಗೆ ನೀರು ಬಿಟ್ಟಿತು. ಮುನಿರಾಬಾದಿನಿಂದ ಹೊರಡುವ 227 ಕಿಲೋಮೀಟರಿನ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಕಡೆ ಹರಿಯಿತು. ಜೋಳ, ನವಣೆ, ಹತ್ತಿಯ ಒಣನೆಲದಲ್ಲಿ ಭತ್ತದ ಗದ್ದೆಗಳಾದವು. ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳ ರೈತರು ಅಲ್ಲಿಯ ಹೊಲ ಮಾರಿ ಇಲ್ಲಿ ಕೊಂಡು, ಮುಖ್ಯ ರಸ್ತೆಯುದ್ದಕ್ಕೂ ‘ಕ್ಯಾಂಪ್’ ಕಟ್ಟಿಕೊಂಡರು. ಶ್ರೀರಾಮನಗರದಂಥ ಊರುಗಳು ಹುಟ್ಟಿದ್ದು ಹಾಗೆ. ಮರಳಿಯಂಥ ಹಳೆಯ ಊರಿನ ಸುತ್ತ ಕನ್ನಡ, ತೆಲುಗು ಎರಡೂ ಕೇಳತೊಡಗಿದವು. ವರ್ಷಕ್ಕೆ ಎರಡು ಬೆಳೆ, ಹಿಂದೆ ಯಾರೂ ಕಾಣದಷ್ಟು ಧಾನ್ಯ. ಅಕ್ಕಿ ಗಿರಣಿಗಳ ಚಿಮಣಿಗಳು ಎದ್ದವು.

ಆದರೆ ರೈಲಿಲ್ಲ. ಗಂಗಾವತಿಗೆ ಮೊದಲ ಪ್ರಯಾಣಿಕರ ರೈಲು ಬಂದದ್ದು 2019ರಲ್ಲಿ. ಅಂದರೆ ಕಾಲುವೆಗೆ ನೀರು ಬಂದು 66 ವರ್ಷಗಳವರೆಗೆ ‘ಭತ್ತದ ಕಣಜ’ ಎನ್ನಿಸಿಕೊಂಡ ಊರಿನ ಅಕ್ಕಿ ಮೊದಲು ಲಾರಿ ಹತ್ತಲೇಬೇಕಿತ್ತು. ಬೆಂಗಳೂರಿಗಾಗಲಿ, ಹುಬ್ಬಳ್ಳಿಗಾಗಲಿ, ಹೊಸಪೇಟೆಯ ಗೂಡ್ಸ್ ಶೆಡ್ಡಿಗಾಗಲಿ ಬೇರೆ ದಾರಿ ಇರಲಿಲ್ಲ. ಹೊಳೆ ತುಂಬಿದಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಆಗ ಬಳ್ಳಾರಿ ಕಡೆಯ ಲೋಡು ಸುತ್ತುಬಳಸಿ ಹೋಗಬೇಕು. ಅಣೆಕಟ್ಟಿನ ಗೇಟು ಎತ್ತಿದರೆಂಬ ಸುದ್ದಿ ರೈತರಿಗಿಂತ ಮೊದಲು ಲಾರಿ ಡ್ರೈವರುಗಳಿಗೆ ಬೇಕಾಗುತ್ತಿತ್ತು.

ಈ ಕೆಲಸಕ್ಕೆ ತಕ್ಕ ಗಾಡಿಯೂ ಅದೇ ಹೊತ್ತಿಗೆ ಬಂತು. ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು 1954ರಲ್ಲಿ ಜಮ್‌ಶೆಡ್‌ಪುರದಿಂದ ಡೀಸೆಲ್ ಲಾರಿ ಹೊರತಂದಿತು. ಮುಂದೆ ಉದ್ದ ಬಾನೆಟ್, ಅದರ ತುದಿಯಲ್ಲಿ ಮೂರು ಕಡ್ಡಿಯ ನಕ್ಷತ್ರ. ಅದು ‘ಬೆಂಜ್ ಗಾಡಿ’. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಜಾಗದಲ್ಲಿ ಟಾಟಾ ಗುರುತು ಬಂದ ಮೇಲೂ ಹಳಬರ ಬಾಯಲ್ಲಿ ಅದು ಬೆಂಜೇ ಆಗಿ ಉಳಿಯಿತು. ಮದ್ರಾಸಿನ ಎಣ್ಣೂರಿನಿಂದ ಅಶೋಕ್ ಲೇಲ್ಯಾಂಡಿನ ಕಾಮೆಟ್ ಬಂತು. ಬೆಡ್‌ಫರ್ಡ್, ಫಾರ್ಗೊಗಳೂ ಇದ್ದವು. ಆದರೆ ಈ ಭಾಗದಲ್ಲಿ ಮನೆಮಾತಾದದ್ದು ಟಾಟಾ 1210. ಅದರ ಆರು ಸಿಲಿಂಡರಿನ ಇಂಜಿನ್ನಿಗೆ ಮೇಸ್ತ್ರಿಗಳ ಬಾಯಲ್ಲಿ ಒಂದೇ ಹೆಸರು, 692. ಬೋರು 92 ಮಿಲಿಮೀಟರ್, ಸಾಮರ್ಥ್ಯ 4,788 ಸಿಸಿ. ಮುಂದೆ 697 ಬಂತು. ಇಂದಿಗೂ ಹಳೆ ಗ್ಯಾರೇಜಿನಲ್ಲಿ ಈ ಎರಡು ಸಂಖ್ಯೆ ಹೇಳಿದರೆ ಸಾಕು, ಮಾತು ತಾನಾಗಿ ಮುಂದುವರಿಯುತ್ತದೆ.

ಆಗ ಕಂಪನಿಯಿಂದ ಪೂರ್ತಿ ಲಾರಿ ಬರುತ್ತಿರಲಿಲ್ಲ, ಚಾಸಿ ಬರುತ್ತಿತ್ತು. ಇಂಜಿನ್, ಚಕ್ರ, ಸ್ಟೇರಿಂಗು ಅಷ್ಟೇ. ತಲೆಯ ಮೇಲೆ ಮಾಡಿಲ್ಲ, ಬಾಗಿಲಿಲ್ಲ. ಮುಖಕ್ಕೆ ಬಟ್ಟೆ ಸುತ್ತಿ, ಕನ್ನಡಕ ಹಾಕಿ, ಬಿಸಿಲು ಮಳೆ ಅನ್ನದೆ ಸಾವಿರಾರು ಕಿಲೋಮೀಟರು ಅದನ್ನು ಓಡಿಸಿಕೊಂಡು ಬರುವುದೇ ಕೆಲವು ಡ್ರೈವರುಗಳ ಕಸುಬಾಗಿತ್ತು. ಊರಿಗೆ ಬಂದ ಮೇಲೆ ಬಡಿಗರು ಮರದ ಕ್ಯಾಬಿನ್ ಮತ್ತು ಬಾಡಿ ಕಟ್ಟುವರು. ಪೇಂಟರು ಹಣೆಪಟ್ಟಿಯ ಮೇಲೆ ಮನೆದೇವರ ಹೆಸರು ಬರೆಯುವನು. ಈ ಸೀಮೆಯಲ್ಲಾದರೆ ಹುಲಿಗೆಮ್ಮ, ಗವಿಸಿದ್ಧೇಶ್ವರ, ಕನಕಾಚಲಪತಿ. ಹೊಸ ಗಾಡಿಯನ್ನು ಹುಲಿಗಿಗೆ ಒಯ್ದು ಪೂಜೆ ಮಾಡಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿದ ಮೇಲೆಯೇ ಮೊದಲ ಬಾಡಿಗೆ.

ಪೆಟ್ರೋಲ್ ಗಾಡಿಗಳ ಕಾಲದಲ್ಲಿ ಇಂಜಿನ್ ಶುರುಮಾಡಲು ಮುಂದಿನಿಂದ ಹ್ಯಾಂಡಲ್ ತಿರುಗಿಸಬೇಕಿತ್ತು. ಕ್ಲೀನರ್ ಆಗಿ ಸೇರಿದ ಹುಡುಗನಿಗೆ ಮೊದಲ ಪಾಠ ಅದೇ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಜೊತೆ ಒಂದೇ ಕಡೆ ಇಡಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದವನ ಮಣಿಕಟ್ಟು ಮುರಿಯುತ್ತದೆ. ಡೀಸೆಲ್ ಬಂದ ಮೇಲೆ ಹ್ಯಾಂಡಲ್ಲಿನ ಕಾಟ ತಪ್ಪಿತು, ಮೈಮುರಿತ ತಪ್ಪಲಿಲ್ಲ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ, ಲೋಡು ತುಂಬಿ ನಿಂತಲ್ಲೇ ತಿರುಗಿಸಬೇಕೆಂದರೆ ಸೀಟಿನಿಂದ ಎದ್ದು ಎರಡೂ ಕೈ, ಎದೆ ಹಾಕಿ ಎಳೆಯಬೇಕು. ಗೇರು ಇಳಿಸುವಾಗ ಡಬಲ್ ಕ್ಲಚ್. ಇಂಜಿನ್ನಿನ ಶಬ್ದ ಕಿವಿಯಲ್ಲೇ ಅಳೆದು ಗೇರು ಹಾಕದಿದ್ದರೆ ಹಲ್ಲು ಕರಕರ ಅನ್ನುವುದು ಮಾಲಕರ ಮನೆಯವರೆಗೆ ಕೇಳುತ್ತಿತ್ತು. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಮರದ ದಿಮ್ಮಿ ಹಿಡಿದು ಜಿಗಿದು ಹಿಂದಿನ ಗಾಲಿಗೆ ಕೊಡಬೇಕು. ಆ ಒಂದು ಜಿಗಿತದ ಮೇಲೆ ಗಾಡಿ, ಲೋಡು, ಡ್ರೈವರ್ ಮೂರರ ಜೀವವೂ ನಿಂತಿರುತ್ತಿತ್ತು.

ಲೋಡು ತುಂಬುವುದೂ ಒಂದು ವಿದ್ಯೆ. ಈ ಕಡೆ ಭತ್ತದ ಚೀಲ 75 ಕೆ.ಜಿ. ಒಂಬತ್ತು ಟನ್ನಿನ ಲೋಡೆಂದರೆ 120 ಚೀಲ. ಗಿರಣಿಯ ಅಂಗಳದಲ್ಲಿ ಲಾರಿ ಹಿಂದಕ್ಕೆ ಹಾಕಿ ನಿಲ್ಲಿಸಿ, ಹಲಗೆ ಇಟ್ಟು, ಹಮಾಲರು ಬೆನ್ನ ಮೇಲೆ ಒಂದೊಂದೇ ಚೀಲ ಹೊತ್ತು ಏರುತ್ತಾರೆ. ಒಂದು ಸಾಲು ಉದ್ದ, ಅದರ ಮೇಲೆ ಒಂದು ಸಾಲು ಅಡ್ಡ, ಇಲ್ಲದಿದ್ದರೆ ತಿರುವಿನಲ್ಲಿ ಜರಗುತ್ತದೆ. ಭಾರ ಹಿಂದೆ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗು ಕೈಗೆ ಸಿಗದು, ಮುಂದೆ ಹೆಚ್ಚಾದರೆ ಸ್ಪ್ರಿಂಗಿನ ಪಾಟಾ ಮುರಿಯುತ್ತದೆ. ಅನುಭವಿ ಡ್ರೈವರ್ ಬೀಡಿ ಸೇದುತ್ತಾ ದೂರ ಕೂತಂತೆ ಕಂಡರೂ ಕಣ್ಣು ಪಾಟಾದ ಬಾಗಿನ ಮೇಲೆಯೇ ಇರುತ್ತಿತ್ತು. ಕೊನೆಗೆ ತಾಡಪತ್ರಿ ಹೊದಿಸಿ ಹಗ್ಗ ಎಸೆಯುವುದು. ಆ ಬದಿಯಲ್ಲಿ ಕ್ಲೀನರ್ ಹಗ್ಗಕ್ಕೆ ಜೋತುಬಿದ್ದು ಮೈಭಾರವೆಲ್ಲ ಹಾಕಿ ಬಿಗಿಯುತ್ತಾನೆ, ಈ ಬದಿಯಲ್ಲಿ ಇನ್ನೊಬ್ಬ ಗಂಟು ಹಾಕುತ್ತಾನೆ. ಮಳೆಗಾಲದಲ್ಲಿ ಬೆಂಗಳೂರಿಗೆ ಹೋಗುವ ಅಕ್ಕಿ ಒಣಗಿ ಮುಟ್ಟುವುದೋ ನೆನೆದು ಮುಟ್ಟುವುದೋ ಎಂಬುದು ಆ ಗಂಟಿನಲ್ಲಿತ್ತು.

ಈ ಲಾರಿಗಳ ಮಾಲಕರು ದೊಡ್ಡ ಕಂಪನಿಯವರಲ್ಲ. ಅಪ್ಪ ಸಾಲ ತಂದು ಗಾಡಿ ಕೊಳ್ಳುವನು, ದೊಡ್ಡ ಮಗ ಡ್ರೈವರ್, ಚಿಕ್ಕವನು ಕ್ಲೀನರ್, ಲೆಕ್ಕ ಬರೆಯಲು ಶಾಲೆ ಕಲಿತ ಸೋದರಳಿಯ. ಬಾಡಿಗೆ ಹುಡುಕಿ ಕೊಡುವವನು ಹುಂಡೇಕಾರ. ಗಿರಣಿಯವನಿಗೂ ಲಾರಿಯವನಿಗೂ ನಡುವೆ ಅವನದೇ ಮಾತು, ಅವನದೇ ಕಮಿಷನ್. ಒಂದು ಗಾಡಿಯ ಸಾಲ ತೀರಿದರೆ ಎರಡನೆಯದು, ಅದು ತೀರಿದರೆ ಮೂರನೆಯದು. ಎಷ್ಟೋ ಮನೆಗಳಲ್ಲಿ ಮೂರಕ್ಕೇ ನಿಂತಿತು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲದ ಜೊತೆ ಲಾರಿಗಳೂ ಹಂಚಿಹೋದವು.

ಅವರು ಬೆಳೆಯದಂತೆ ಕಾನೂನೂ ಕಟ್ಟಿಹಾಕಿತ್ತು. 1939ರ ಮೋಟಾರು ವಾಹನ ಕಾಯ್ದೆ ರೈಲ್ವೆಯ ವರಮಾನ ಕಾಪಾಡುವ ಕಾಲದ ಕಾಯ್ದೆ. ಲಾರಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬುದು ಪರ್ಮಿಟ್ಟಿನ ಮೇಲೆ, ಹೊರರಾಜ್ಯಕ್ಕೆ ಹೋಗಬೇಕಾದರೆ ಅಲ್ಲಿಯ ಅಧಿಕಾರಿಯ ಮೇಲುಸಹಿ. ಪಟ್ಟಣದ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ. ಮೇಲಾಗಿ ಅಕ್ಕಿ ಸಾಗಣೆಗೇ ನಿರ್ಬಂಧ. ಆಹಾರ ವಲಯಗಳ ಕಾಲದಲ್ಲಿ ಧಾನ್ಯವನ್ನು ಮನಸ್ಸಿಗೆ ಬಂದಲ್ಲಿಗೆ ಒಯ್ಯುವಂತಿರಲಿಲ್ಲ, ಚೆಕ್‌ಪೋಸ್ಟಿನಲ್ಲಿ ರಾತ್ರಿಗಟ್ಟಲೆ ನಿಲ್ಲಬೇಕಿತ್ತು. ಇವೆಲ್ಲ ಹತ್ತಿರಹತ್ತಿರದ ವರ್ಷಗಳಲ್ಲೇ ಸಡಿಲಾದವು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂತು, 1977ರಲ್ಲಿ ಆಹಾರ ವಲಯಗಳು ಹೋದವು, 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆಯಿತು.

ಈ ನಡುವೆ, 1976ರಲ್ಲಿ, ಗದಗಿನ ಒಂದು ಮುದ್ರಣದ ಮನೆತನದ ಹುಡುಗ ಒಂದು ಲಾರಿ ಕೊಂಡ. ಗದಗವನ್ನು ಮುದ್ರಣ ಕಾಶಿ ಎನ್ನುತ್ತಾರೆ. ಅಲ್ಲಿಯ ಬಿ.ಜಿ. ಸಂಕೇಶ್ವರ ಕಂಪನಿಯ ನಿಘಂಟುಗಳನ್ನು ಉತ್ತರ ಕರ್ನಾಟಕದ ಶಾಲೆ ಮಕ್ಕಳೆಲ್ಲ ಬಲ್ಲರು. ಆ ಮನೆಯ ವಿಜಯ ಸಂಕೇಶ್ವರರು ಅಚ್ಚಿನ ಕೆಲಸ ಬಿಟ್ಟು, ಮನೆಯವರ ಮನಸ್ಸಿಗೆ ವಿರುದ್ಧವಾಗಿ, ಸಾಲ ಮಾಡಿ ಲಾರಿಗೆ ಇಳಿದಾಗ ಅವರಿಗೆ 26 ವರ್ಷ. ಅದೇ ವಿಜಯಾನಂದ ರೋಡ್‌ಲೈನ್ಸ್, ಇಂದಿನ ವಿಆರ್‌ಎಲ್. ಗದಗಿನಿಂದ ಹುಬ್ಬಳ್ಳಿಗೆ ನೆಲೆ ಬದಲಿಸಿ, ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಹಾದಿಯಲ್ಲಿ ಬೇರೂರಿ, 1983ರಲ್ಲಿ ಪ್ರೈವೇಟ್ ಲಿಮಿಟೆಡ್ ಆಯಿತು.

ನೂರಾರು ಮನೆತನಗಳು ಒಂದು ಲಾರಿಯಿಂದ ಶುರು ಮಾಡಿದವು, ಒಂದೇ ಏಕೆ ಸಾವಿರಾರು ಲಾರಿಗಳವರೆಗೆ ಹೋಯಿತು? ದುಡಿಮೆ, ಧೈರ್ಯ ಎಂದು ಎಲ್ಲರೂ ಹೇಳುತ್ತಾರೆ. ಮರಳಿ ಕಡೆಯ ಲಾರಿಯವರಲ್ಲಿ ದುಡಿಮೆಗೂ ಧೈರ್ಯಕ್ಕೂ ಕೊರತೆ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಮಾಲಿನಲ್ಲಿ. ಭತ್ತದ ಲಾರಿಯದು ಫುಲ್ ಲೋಡಿನ ವ್ಯಾಪಾರ. ಒಬ್ಬನೇ ಪಾರ್ಟಿ, ಒಂದೇ ಮಾಲು, ಒಂದೇ ಊರು. ಸುಗ್ಗಿಯಲ್ಲಿ ಲಾರಿಗೆ ಬೇಡಿಕೆ, ಸುಗ್ಗಿ ಮುಗಿದರೆ ಗಾಡಿ ಮನೆ ಮುಂದೆ. ರಿಟರ್ನ್ ಲೋಡು ಸಿಗದಿದ್ದರೆ ಹೋದ ಬಾಡಿಗೆ ಬಂದ ಡೀಸೆಲ್ಲಿಗೆ. ಸಂಕೇಶ್ವರರು ಹಿಡಿದದ್ದು ಪಾರ್ಸಲ್. ಬೆಂಗಳೂರಿನ ಅಂಗಡಿಯಿಂದ ಕೊಪ್ಪಳದ ಅಂಗಡಿಗೆ ಒಂದು ಪೆಟ್ಟಿಗೆ, ಕುಷ್ಟಗಿಗೆ ಎರಡು ಬಂಡಲ್, ಯಲಬುರ್ಗಾಕ್ಕೆ ಒಂದು ಮೋಟಾರ್ ಪಂಪು. ಒಂದೊಂದರ ಬಾಡಿಗೆ ಚಿಲ್ಲರೆ, ಎಲ್ಲ ಸೇರಿದರೆ ಫುಲ್ ಲೋಡಿಗಿಂತ ಹೆಚ್ಚು. ಅದಕ್ಕೆ ಬೇಕಾದದ್ದು ಗಾಡಿಗಿಂತ ಹೆಚ್ಚಾಗಿ ಗೋದಾಮು, ಊರೂರಿಗೆ ಬ್ರಾಂಚು, ಬರೆದು ಇಡುವ ಶಿಸ್ತು. ರಾತ್ರಿ ಹತ್ತು ದಿಕ್ಕಿನಿಂದ ಹುಬ್ಬಳ್ಳಿಗೆ ಬಂದ ಲಾರಿಗಳನ್ನು ಇಳಿಸಿ, ಊರುವಾರು ಬೇರ್ಪಡಿಸಿ, ಬೆಳಗಾಗುವುದರೊಳಗೆ ಮತ್ತೆ ಹತ್ತು ದಿಕ್ಕಿಗೆ ತುಂಬಿ ಕಳಿಸುವುದು. ಅಚ್ಚುಮೊಳೆ ಜೋಡಿಸುವ ಮನೆಯಲ್ಲಿ ಬೆಳೆದವರಿಗೆ ಚಿಕ್ಕಚಿಕ್ಕದನ್ನು ವಿಂಗಡಿಸಿ ಸರಿಯಾದ ಮನೆಗೆ ಹಾಕುವ ಕೆಲಸ ಹೊಸದಾಗಿರಲಿಲ್ಲ ಎಂದು ನಾನು ನಂಬುತ್ತೇನೆ.

ಇನ್ನೊಂದು ಸಂಗತಿ ಹಳೆ ಗಾಡಿಗಳದು. ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ 18ನೇ ಕಿಲೋಮೀಟರಿನ ವರೂರಿನಲ್ಲಿ ವಿಆರ್‌ಎಲ್‌ನ ನೆಲೆ ಇದೆ. ಅಲ್ಲಿ ಚಾಸಿ ತಂದು ಬಾಡಿಯನ್ನು ತಾವೇ ಕಟ್ಟುತ್ತಾರೆ, ಪಾರ್ಸಲ್ಲಿಗೆ ಹೆಚ್ಚು ಜಾಗ ಸಿಗುವಂತೆ ಉದ್ದವಾಗಿ, ಹಗುರವಾಗಿ. ಸಾಲ ತೀರಿದ ಗಾಡಿಯನ್ನು ಮಾರಿಬಿಡದೆ ಸ್ವಂತ ವರ್ಕ್‌ಶಾಪಿನಲ್ಲಿ ದುರಸ್ತಿ ಮಾಡುತ್ತಾ ವರ್ಷಾನುಗಟ್ಟಲೆ ಓಡಿಸಿದ್ದು ಅವರ ಬಲ. ಬಡ್ಡಿ ಇಲ್ಲದ ಹಳೆ ಲಾರಿ ಗಳಿಸಿದ್ದೆಲ್ಲ ಗಳಿಕೆಯೇ. ಗಂಗಾವತಿಯ ಒಂಟಿ ಗಾಡಿಯ ಮಾಲಕನೂ ಇದನ್ನೇ ಮಾಡುತ್ತಿದ್ದ. ಆದರೆ ಬೋರಿಂಗಿಗೆ, ಪಂಪಿಗೆ, ಪಾಟಾಕ್ಕೆ ಬೇರೆಬೇರೆ ಅಂಗಡಿ ಅಲೆದು, ಗಾಡಿ ನಿಂತ ಅಷ್ಟೂ ದಿನ ಒಲೆಯ ಚಿಂತೆ ಮಾಡುತ್ತಾ.

1988ರ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈಯಿಂದ ಜಾರಿಗೆ ಬಂದು ಪರ್ಮಿಟ್ ಸಲೀಸಾಯಿತು, ನಂಬರ್ ಪ್ಲೇಟಿನ ಮೇಲೆ ‘ಕೆಎ’ ಬಂತು. ಧಾರವಾಡದ ಕೆಎ-25 ದೇಶವೆಲ್ಲ ಓಡಾಡಿದ್ದು ವಿಆರ್‌ಎಲ್‌ನಿಂದ. ಕೊಪ್ಪಳದ ಲಾರಿಗಳದು ಕೆಎ-37. ವಿಆರ್‌ಎಲ್ 1996ರಲ್ಲಿ ಬಸ್ಸಿಗೆ ಇಳಿಯಿತು, 2015ರಲ್ಲಿ ಷೇರುಪೇಟೆಗೆ ಬಂತು, ಖಾಸಗಿ ವಾಣಿಜ್ಯ ವಾಹನಗಳ ದೇಶದ ಅತಿ ದೊಡ್ಡ ಒಡೆತನವೆಂದು ಲಿಮ್ಕಾ ದಾಖಲೆಗೆ ಸೇರಿತು. ವಿಜಯ ಸಂಕೇಶ್ವರರಿಗೆ 2020ರಲ್ಲಿ ಪದ್ಮಶ್ರೀ ಬಂತು, 2022ರಲ್ಲಿ ‘ವಿಜಯಾನಂದ’ ಸಿನಿಮಾ ಬಂತು. ಲಾರಿ ಮಾಲಕನ ಬಾಳು ಕನ್ನಡದ ತೆರೆಯ ಮೇಲೆ ಬಂದದ್ದು ನನಗೆ ಸಂತೋಷದ ಸಂಗತಿ.

ಹೊಸ ಶತಮಾನದ ಮೊದಲ ಹತ್ತು ವರ್ಷ ಕೊಪ್ಪಳದ ರಸ್ತೆಗೆ ಕೆಟ್ಟ ಕಾಲ. ಬಳ್ಳಾರಿ, ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರು ಆಗಿನ 63ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಕಾರವಾರ, ಬೇಲೆಕೇರಿ ಬಂದರುಗಳಿಗೆ ಹರಿಯಿತು. ಹಗಲು ರಾತ್ರಿ ಲಾರಿಗಳ ಸಾಲು, ಕೆಂಪು ದೂಳು, ಗಾಲಿ ಮುಳುಗುವ ಗುಂಡಿ. ಅಕ್ಕಿ ಹೊರುತ್ತಿದ್ದವರೂ ಹೊಲ ಅಡವಿಟ್ಟು ಟಿಪ್ಪರ್ ಕೊಂಡರು. ಹಳೆಯ 1210, 1612ಗಳನ್ನು ಕೊಟ್ಟು ಹತ್ತು ಗಾಲಿಯ ಗಾಡಿ ತಂದರು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದ 2011ರ ಜುಲೈನಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಅದರ ಪೆಟ್ಟು ಮಾತ್ರ ಅದಿರು ದೋಚಿದವರಿಗಿಂತ ಮೊದಲು ಬಿದ್ದದ್ದು ಕಂತು ಕಟ್ಟಬೇಕಿದ್ದ ಈ ಮನೆಗಳ ಮೇಲೆ. ಸಾಲಾಗಿ ನಿಂತ ಟಿಪ್ಪರುಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಎರಡು ಮೂರು ತಲೆಮಾರು ಲಾರಿ ನಡೆಸಿದ ಮನೆಗಳು ಮುಂದಿನ ಎರಡು ವರ್ಷಗಳಲ್ಲಿ ಕಸುಬನ್ನೇ ಬಿಟ್ಟವು.

ಉಳಿದ ಹಳೆ ಗಾಡಿಗಳು ಗುಜರಿಗೆ ಹೋಗುತ್ತಿವೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಭಾರೀ ವಾಹನದ ಫಿಟ್‌ನೆಸ್ ಶುಲ್ಕವನ್ನು 12,500 ರೂಪಾಯಿಗೆ ಏರಿಸಲಾಯಿತು. ಹೊಗೆ ಕಾರುವ ಗಾಡಿ ರಸ್ತೆಯಲ್ಲಿ ಇರಬಾರದೆಂಬುದನ್ನು ನಾನು ಒಪ್ಪುತ್ತೇನೆ. ರಸ್ತೆಯಲ್ಲಿ ಬೇಡ, ಎಲ್ಲಿಯೂ ಬೇಡವೆಂದರೆ ಹೇಗೆ? ಹಳೆಯ ಕಾರುಗಳಿಗೆ ನಮ್ಮಲ್ಲಿ ಪ್ರೀತಿಯಿದೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಹೆಗ್ಗಡೆಯವರ ‘ಪಯಣ’ ಸಂಗ್ರಹಾಲಯಕ್ಕೆ ಜನ ಸಂಸಾರ ಸಮೇತ ಹೋಗುತ್ತಾರೆ. ಭತ್ತದ ಸೀಮೆಯನ್ನು ಅರ್ಧ ಶತಮಾನ ಹೊತ್ತ ಲಾರಿಗೂ ಅಂಥದೊಂದು ಜಾಗ ಈ ಸೀಮೆಯಲ್ಲೇ ಬೇಕು.

ಗಂಗಾವತಿಯ ಎಪಿಎಂಸಿ ಅಂಗಳದಲ್ಲಿ ಒಂದು ಶೆಡ್ಡು ಸಾಕು. ಒಂದು ಬಾನೆಟ್ ಬೆಂಜ್, ಒಂದು ಕಾಮೆಟ್, ಮರದ ಬಾಡಿಯ ಒಂದು 1210. ಜೊತೆಗೆ ಹಮಾಲರ ಕೊಕ್ಕೆ, ಹಲಗೆ, ತಾಡಪತ್ರಿ, ಹುಂಡೇಕಾರರ ಹಳೆ ಲೆಕ್ಕದ ಪುಸ್ತಕ, ನಿಜಾಮನ ಕಾಲದ ಸುಂಕದ ರಸೀದಿ ಸಿಕ್ಕರೆ ಅದೂ. ವರೂರಿನಂಥ ದೊಡ್ಡ ವರ್ಕ್‌ಶಾಪಿನವರು ಮನಸ್ಸು ಮಾಡಿದರೆ ಗಾಡಿಗಳನ್ನು ಓಡುವ ಸ್ಥಿತಿಗೆ ತರುವುದು ಕಷ್ಟವಲ್ಲ. ಗಾಡಿಗಿಂತ ಮೊದಲು ಹಿಡಿದಿಡಬೇಕಾದದ್ದು ಮನುಷ್ಯರ ಮಾತು. ಚಾಸಿಯ ಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದವರು, 692ರ ಹೆಡ್ಡು ಬಿಚ್ಚಿ ವಾಲ್ವ್ ಕೂರಿಸಿದ ಮೇಸ್ತ್ರಿಗಳು, ಹಣೆಪಟ್ಟಿ ಬರೆದ ಪೇಂಟರುಗಳು ಕೊಪ್ಪಳ, ಗಂಗಾವತಿ, ಗದಗಗಳಲ್ಲಿ ಇನ್ನೂ ಇದ್ದಾರೆ. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಸಮೀಪದ ಕಾಲೇಜುಗಳ ಇತಿಹಾಸ ವಿಭಾಗದವರು ಒಂದು ಧ್ವನಿಮುದ್ರಕ ಹಿಡಿದು ಈ ಸುಗ್ಗಿಯೊಳಗೇ ಅವರ ಮನೆಗಳಿಗೆ ಹೋಗಬೇಕು.